ಅಪ್ಪನ ಎಡ ಭುಜ

ಟೇಪು ಎಡಗಡೆ ಜಾರುತ್ತಿದೆ, ಮತ್ತೆ ಜಾರಿತು, ಅಳತೆಗೆ ನಿಂತ ಇವಳದೂ ಇಳಿಜಾರು ಭುಜವೇ — ಹೊಲಿಗೆಯವಳು ಟೇಪನ್ನು ಎಳೆದು ಹಿಡಿದಳು, ಅಪ್ಪನ ಎಡ ಭುಜ ಬಂದದ್ದು ತನಗೊಬ್ಬಳಿಗೇ, ತಂಗಿಗೆ ಬಂದದ್ದು ಬರೀ ಬಾಯಿ, ಆ ಬಾಯಿಯಿಂದಲೇ ಅವಳು ಕೊಳವೆಯೊಂದಕ್ಕೆ ಉಗುಳಿ ಕಳಿಸಿದ್ದು, ಡಿಎನ್‌ಎ ಪರೀಕ್ಷೆಯಂತೆ, ಸುಮ್ನೆ ತಮಾಷೆಗೆ ಅಕ್ಕಾ, ನಮ್ಮ ಮೂಲ ಗೊತ್ತಾಗುತ್ತೆ — ಗೊತ್ತಾಯಿತಲ್ಲ, ಅಪ್ಪನ ಇನ್ನೊಬ್ಬ ಮಗಳು ಫೋನಿನೊಳಗೆ ಬಂದು ಕೂತಳು. ಉಗುಳಿದ್ದು ತಂಗಿ, ಬಯಲಾದದ್ದು ಮನೆಮಂದಿಯೆಲ್ಲ, ತನ್ನನ್ನು ಯಾರು ಕೇಳಿದರು, ಸತ್ತ ಅಪ್ಪನನ್ನು ಯಾರು ಕೇಳಿದರು? ಈಗ ಮನೆಗೇ ಬಂದಿದ್ದಾಳೆ, ಒಳಕೋಣೆಯ ಅಮ್ಮನಿಗೆ ಯಾರೋ ಗಿರಾಕಿ ಎಂದು ಹೇಳಿದ ತಪ್ಪಿಗೆ ಅಳತೆಯನ್ನೂ ತೆಗೆಯಬೇಕಾಗಿದೆ. ಬಂದು ಇನ್ನೂ ಸರಿಯಾಗಿ ಕೂತಿಲ್ಲ, ಆಗಲೇ ಅಕ್ಕ ಅಂತೆ ಅಕ್ಕ! ನನ್ನ ಭುಜಾನೂ ಅಪ್ಪಂದೇ ಅಂತೆ, ನಿಮ್ಮ ತಂಗಿ ಫೋಟೋ ನೋಡಿ ಹೇಳಿದ್ರು. ಅದನ್ನೂ ಹಂಚಿಬಿಟ್ಟಳೇ, ಚಿಕ್ಕಂದಿನಲ್ಲಿ ತನಗೆ ಹೊಲಿದ ಕೋಟಿನ ಎಡಗಡೆ ಲೈನಿಂಗಿನೊಳಗೆ ಅಪ್ಪ ತೆಳು ಮೆತ್ತೆಯಿಟ್ಟು, ಹಲ್ಲಿನಲ್ಲೇ ದಾರ ಕಡಿದು, ಇದು ನಮ್ಮಿಬ್ಬರ ಗುಟ್ಟು ಪುಟ್ಟೀ ಅನ್ನುತ್ತಿದ್ದ — ಅಪ್ಪನಿಗೆ ನಾನಿರೋದು ಗೊತ್ತಿತ್ತಾ ಅಕ್ಕಾ? ಇಲ್ಲ, ಗೊತ್ತಿರ್ಲಿಲ್ಲ. ಎಷ್ಟು ಸಲೀಸಾಗಿ ಬಂತು ಮಾತು, ಗೊತ್ತಿತ್ತೋ ಇಲ್ಲವೋ ತಾನೇನು ಕಂಡಿದ್ದಾಳೆ, ಆದರೂ ಹೊಟ್ಟೆ ತಣ್ಣಗಾಯಿತು, ಅವಳ ಮುಖ ಬಾಡಿತು, ಬಾಡಲಿ, ಎಲ್ಲವೂ ಬೇಕು ಅಂದರೆ ಹೇಗೆ.

ಅವಳ ಚೀಲದಿಂದ ಪುಟ್ಟದೊಂದು ಕೋಟು ಹೊರಬಂತು, ನಾನು ಚಿಕ್ಕೋಳಿದ್ದಾಗ ಹಾಕ್ತಿದ್ದದ್ದು, ನನ್ನಮ್ಮ ಜೋಪಾನವಾಗಿ ಎತ್ತಿಟ್ಟಿದ್ಲು, ಯಾರು ಹೊಲಿದಿದ್ದೋ ಗೊತ್ತಿಲ್ಲ, ನನ್ನ ಮಗಳಿಗೆ ಭುಜ ಸ್ವಲ್ಪ ಬಿಚ್ಚಿ ಸರಿಮಾಡಿ ಕೊಡ್ತೀರಾ. ಕೊಡೋಣ, ಕೊಟ್ಟು ಕಳಿಸಿದರೆ ಸಾಕು, ಕತ್ತರಿಯ ತುದಿ ಲೈನಿಂಗಿನೊಳಗೆ ಹೋಯಿತು, ಬಲಗಡೆ ಏನೂ ಇಲ್ಲ, ಎಡಗಡೆ ಏನಿದು, ಬೆರಳು ಹಾಕಿ ಎಳೆದರೆ ಮೆತ್ತೆ, ಬಿಳಿ ಬಟ್ಟೆ, ಅದರ ತುಂಬ ಹಳದಿ ಹೂ — ತನ್ನ ಫ್ರಾಕು, ಮನೆಯೆಲ್ಲ ಜಾಲಾಡಿ, ಉಣ್ಣದೆ ಅತ್ತು ರಂಪ ಮಾಡಿದ ಫ್ರಾಕು, ಹರಿದುಹೋಗಿತ್ತು ಪುಟ್ಟೀ, ಬಿಸಾಕಿದೆ ಅಂದಿದ್ದನಲ್ಲ ಅಪ್ಪ, ಹಳದಿ ಹೂ, ತನ್ನದನ್ನೇ ಕತ್ತರಿಸಿ ಇವಳ ಭುಜಕ್ಕೆ, ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು, ಕೂರಿಸಿಕೊಂಡು ಅಳತೆ ತೆಗೆಯುವಷ್ಟು ಗೊತ್ತಿತ್ತು — ಯಾಕಕ್ಕಾ, ಒಳಗೆ ಹಾಳಾಗಿದೆಯಾ? ಇಲ್ಲ, ಏನಿಲ್ಲ, ಬರೀ ಚಿಂದಿ, ಮುಷ್ಟಿ ಬಿಗಿಯಾಯಿತು, ಬೆರಳ ಸಂದಿಯಲ್ಲಿ ಹಳದಿ ಹೂ, ಒಂದೇ ಒಂದು ಎಸಳು, ಅವಳು ನೋಡುತ್ತಿದ್ದಾಳೆ, ಹಳದಿ ಹೂ, ಹಳದಿ…