ಸೋಮವಾರದ ಗುಳಿಗೆ

ಶ್ರಾವಣದ ನಾಲ್ಕನೆಯ ಸೋಮವಾರ ಬೆಳಿಗ್ಗೆ, ಪರಮಣ್ಣ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಗೋವಾದ ಕೊರ್ತಾಲಿಮ್‌ನಲ್ಲಿ ಅವನ ಮನೆಯ ಪಕ್ಕದ ಕಿರಾಣಿ ಅಂಗಡಿಯ ಫೋನಿಗೆ ಬಂತು. ಅಂಗಡಿಯವನು ಬಂದು ಹೇಳಿದಾಗ ಹೆಂಡತಿ ಶಿವವ್ವ ದೇವರ ಜಗಲಿಯ ಮುಂದೆ ಹೋಗಿ ಕುಳಿತಳು. ಹೋದ ವರ್ಷದ ಒಂದು ದಿನ ಅವಳ ಕಣ್ಣ ಮುಂದೆ ಬಂತು.

ಅಂದು ಪಣಜಿಯಲ್ಲಿ ಎಕೋ ಎಂಬ ಎದೆಯ ಪರೀಕ್ಷೆ ಮಾಡಿದ ಡಾಕ್ಟರು ಪರದೆಯ ಮೇಲೆ ಪರಮಣ್ಣನ ಹೃದಯ ತೋರಿಸಿ, ಒಳಗಿನ ಬಾಗಿಲಿನಂಥ ಕವಾಟ ಪೂರ್ತಿ ಮುಚ್ಚುತ್ತಿಲ್ಲ, ರಕ್ತ ಹಿಂದಕ್ಕೆ ಸೋರಿ ಎದೆಯಲ್ಲಿ ನೀರು ತುಂಬುತ್ತದೆ, ಗುಳಿಗೆ ಒಂದು ದಿನವೂ ತಪ್ಪಬಾರದು ಎಂದು ಬಿಡಿಸಿ ಹೇಳಿದ್ದರು. ಮರಳುವಾಗ ಬಸ್ಸಿನಲ್ಲಿ ಪರಮಣ್ಣ ನಕ್ಕಿದ್ದ.

"ಬಾಗಿಲಾ ಹ್ಯಾಂಗ ಮುಚ್ಚೀತ? ಹೊಸ್ತಿಲದಾಗ ನೀ ಕುಂತಿಯಲ್ಲ!"

"ಸಾಕ್ ಬಿಡ್ರಿ, ಮಂದಿ ನೋಡಾಕತ್ತಾರ," ಎಂದು ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಿದ್ದಳು.

ಗುಳಿಗೆಯಿಂದ ವರ್ಷವೆಲ್ಲ ಸುಖವಾಗಿ ಕಳೆಯಿತು. ಶ್ರಾವಣ ಬಂದಾಗ ಶಿವವ್ವನೇ, "ಸೋಮವಾರ ಉಪಾಸದ ದಿನಾ ಗುಳಿಗಿ ಬಾಯಾಗ ಹಾಕಬ್ಯಾಡ್ರಿ. ವಾರಕ್ಕ ಒಂದ್ ದಿನಾ ಬಿಟ್ರ ಏನಾಗೂದಿಲ್ಲ," ಎಂದಿದ್ದಳು. ಮೂರನೆಯ ಸೋಮವಾರ ಕಳೆಯುವಷ್ಟರಲ್ಲಿ ಅವನ ಕಾಲು ಬಾತು, ಉಸಿರು ಕಟ್ಟತೊಡಗಿತ್ತು.

ಈಗ ಅವಳು ಹಣೆಗೆ ವಿಭೂತಿ ಹಚ್ಚಿಕೊಂಡು ಕೈಮುಗಿದಳು.

"ಶಿವನೇ, ತಪ್ಪು ನಂದು. ಅವರು ನನ್ನ ಮಾತ ಕೇಳಿದ್ರು, ಅಷ್ಟ. ಆ ಜೀವಕ್ಕ ನಿನ್ನ ಪಾದದಾಗ ಶಾಂತಿ ಕೊಡಪಾ."