ಹನ್ನೊಂದು ಪಾಯಿಂಟ್ ನಾಲ್ಕು

ಫ್ಲಾಸ್ಕಿನೊಳಗಿನ ದ್ರಾವಣ ತೆಳು ಗುಲಾಬಿಗೆ ತಿರುಗಿ ಹಾಗೇ ನಿಂತಿತು. ಶರಣಬಸಮ್ಮ ಬ್ಯೂರೆಟ್ಟಿನ ತಿರುಪು ಬಿಗಿ ಮಾಡಿ, ಮೊಣಕಾಲು ಬಗ್ಗಿಸಿ, ಕಣ್ಣನ್ನು ಗಾಜುಕೊಳವೆಯ ಗೀಟಿನ ಮಟ್ಟಕ್ಕೆ ತಂದಳು. ಹನ್ನೊಂದು ಪಾಯಿಂಟ್ ನಾಲ್ಕು. ಮೂರನೆಯ ಸಲವೂ ಅದೇ.

ಪಕ್ಕದಲ್ಲಿದ್ದ ಸಾತ್ವಿಕ ತನ್ನ ಪ್ರಯೋಗದ ಜರ್ನಲ್ಲನ್ನು ಅವಳತ್ತ ಸರಿಸಿದ. "ಆಂಟಿ, ದಸ್ ಲಿಖ್ ದೋ ನಾ. ಸಬ್‌ಕಾ ದಸ್ ಹೈ."

ಅವನ ಬ್ಯೂರೆಟ್ಟು ಕಂಠದವರೆಗೆ ತುಂಬಿಯೇ ಇತ್ತು. ಒಂದು ಹನಿಯೂ ಇಳಿದಿರಲಿಲ್ಲ.

"ನಿನ್ನ ಹತ್ತು ನೀ ಬರಕೋಪ್ಪಾ," ಎಂದಳು ಅವಳು.

ಆ ತರಗತಿಯಲ್ಲಿ ಎಲ್ಲರೂ ಹದಿನೆಂಟು ಹತ್ತೊಂಬತ್ತರವರು, ಅವಳಿಗೆ ಮೂವತ್ತಾರು. ಕಲಬುರಗಿ ಕಡೆಯಿಂದ ಮದುವೆಯಾಗಿ ಮುಂಬೈ ಹತ್ತಿರದ ಶಹಾಡಿಗೆ ಬಂದವಳು, ಕಲ್ಯಾಣದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಏಳು ವರ್ಷ ಗಾಜಿನ ನಳಿಗೆ ತೊಳೆದಿದ್ದಳು. ಅದರ ನಡುವೆಯೇ ಹನ್ನೆರಡನೆಯ ತರಗತಿಯ ಪರೀಕ್ಷೆ ಕಟ್ಟಿ ಪಾಸಾಗಿ, ಕಳೆದ ವರ್ಷ ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾಕ್ಕೆ ಸೇರಿದ್ದಳು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಅದೇ ನಳಿಗೆಗಳು.

ರಸಾಯನಶಾಸ್ತ್ರ ಕಲಿಸುವ ಪ್ರಭಾ ಮೇಡಂ ಕೆಂಪು ಪೆನ್ನು ಹಿಡಿದು ಸಹಿ ಹಾಕುತ್ತ ಬಂದರು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವರಾದರೂ ಮಾತಿನಲ್ಲಿ ಉಡುಪಿ ಉಳಿದಿತ್ತು.

"ಹನ್ನೊಂದು ಪಾಯಿಂಟ್ ನಾಲ್ಕಾ? ಇದೆಂತದು? ಹತ್ತು ಬರಬೇಕು. ಅದನ್ನು ಹೊಡೆದು ಹಾಕಿ, ಸರಿ ಬರೀರಿ."

"ಮೂರು ಸಲ ಮಾಡೀನ್ರಿ ಮೇಡಂ. ಮೂರೂ ಸಲ ಅಷ್ಟೇ ಬಂದದ."

"ಮೂವತ್ತು ಜನರದ್ದು ಹತ್ತು ಉಂಟು. ನಿಮ್ಮೊಬ್ಬರದ್ದು ಬೇರೆ ಆಗ್ತದಾ?"

"ಮೂವತ್ತು ಮಂದಿ ಮಾಡ್ಯಾರೇನ್ರಿ?"

ಹಿಂದಿನ ಸಾಲಿನ ಹುಡುಗರ ನಗು ಥಟ್ಟನೆ ನಿಂತಿತು. ಪ್ರಭಾ ಮೇಡಂ ಮುಖ ಕೆಂಪಾಯಿತು.

"ನೋಡಿ, ಬುಧವಾರ ಪರೀಕ್ಷಕರು ಬರ್ತಾರೆ. ಸಹಿ ಇಲ್ಲದ ಜರ್ನಲ್ ಇಟ್ಟುಕೊಂಡು ಪರೀಕ್ಷೆಗೆ ಕೂರ್ಲಿಕ್ಕೆ ಆಗುದಿಲ್ಲ. ಒಂದು ವರ್ಷ ಹೋಗ್ತದೆ. ಗೊತ್ತುಂಟಲ್ಲ?"

"ಗೊತ್ತದರಿ."

"ಮತ್ತೆ ಎಂತ ಹಠ ಮಾರಾಯ್ರೆ?"

ಶರಣಬಸಮ್ಮ ತನ್ನ ಪುಟದತ್ತ ನೋಡಿದಳು. ಒಂದು ಸಂಖ್ಯೆ ತಿದ್ದಿದರೆ ಮುಗಿಯಿತು, ಕಲ್ಯಾಣದ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಬಹುದು. ಪೆನ್ನೂ ಕೈಯಲ್ಲೇ ಇತ್ತು. ಅವಳು ಅದನ್ನು ಮೇಜಿನ ಮೇಲಿಟ್ಟಳು.

"ನನ್ನ ತಮ್ಮ ಭೀಮು ಭಿವಂಡಿ ಗೋಡೌನಿನ್ಯಾಗ ಹಮಾಲಿ ಮಾಡ್ತಿದ್ದನ್ರಿ. ಕಾಲಿನ ಗಾಯ ಮಾಯವಲ್ದು ಅಂತ ನಮ್ಮ ಲ್ಯಾಬಿನ್ಯಾಗೇ ರಕ್ತ ಕೊಟ್ಟಿದ್ದ. ಅವತ್ತು ಮಷಿನ್ ಕೆಟ್ಟಿತ್ತು. ಬರಿಯಾಂವ ಶುಗರ್ ನಾರ್ಮಲ್ ಅಂತ ಸುಮ್ಮ ಬರದುಬಿಟ್ಟ. ಮಷಿನ್ ಕೆಟ್ಟದ್ದು ನನಗ ಗೊತ್ತಿತ್ರಿ. ಗೊತ್ತಿದ್ದೂ ಆ ಕಾಗದ ನಾನೇ ಒಯ್ದು ಅವನ ಕೈಯಾಗ ಕೊಟ್ಟೆ. ಮೂರು ತಿಂಗಳಿಗೆ ಕಾಲಿಂದು ಎರಡು ಬೆರಳು ತಗದ್ರು." ಅವಳು ದನಿ ತಗ್ಗಿಸಲಿಲ್ಲ. "ನಾ ಕಂಡದ್ದೇ ಬರೀತೀನ್ರಿ. ಸಹಿ ಮಾಡೋದು ಬಿಡೋದು ನಿಮಗ ಬಿಟ್ಟದ್ದು. ನಂಬಿಕಿ ಇಲ್ಲಂದ್ರ ನೀವೇ ಒಮ್ಮೆ ಮಾಡಿ ನೋಡ್ರಿ."

ಪ್ರಭಾ ಮೇಡಂ ಕೈಬಳೆ ಮೇಲಕ್ಕೆ ಸರಿಸಿ, ಫ್ಲಾಸ್ಕನ್ನು ತಾವೇ ತೊಳೆದರು. ಹತ್ತು ಮಿಲಿ ಆಮ್ಲ ಅಳೆದು ಹಾಕಿ, ಸೂಚಕದ ಎರಡು ಹನಿ ಬಿಟ್ಟರು. ಹುಡುಗರು ಸುತ್ತ ನೆರೆದರು. ಬ್ಯೂರೆಟ್ಟಿನ ಕ್ಷಾರ ಏಳಕ್ಕೆ ಇಳಿಯಿತು, ಒಂಬತ್ತಕ್ಕೆ ಇಳಿಯಿತು. ಹತ್ತರ ಗೀಟು ದಾಟಿದಾಗಲೂ ಫ್ಲಾಸ್ಕಿನಲ್ಲಿ ಬಣ್ಣ ನಿಲ್ಲಲಿಲ್ಲ. ಗುಲಾಬಿ ಮಿಂಚಿ ಮಾಯವಾಗುತ್ತಿತ್ತು. ಕೊನೆಗೆ ನಿಂತಾಗ ಅವರು ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

ಕ್ಷಾರದ ದೊಡ್ಡ ಬಾಟಲಿ ಎತ್ತಿದರು. ಮುಚ್ಚಳ ಬಿರುಕು ಬಿಟ್ಟಿತ್ತು.

"ಗಾಳಿ ಕುಡಿದು ಕುಡಿದು ಇದರ ಸತ್ವ ಹೋಗಿದೆ," ಎಂದರು. ದನಿ ತಗ್ಗಿಸಿ, "ನಾನು ಕೈಯಾರೆ ಮಾಡದೆ ಮೂರು ವರ್ಷ ಆಯ್ತು," ಎಂದು ಸೇರಿಸಿದರು. ಅದು ಶರಣಬಸಮ್ಮನಿಗೆ ಮಾತ್ರ ಕೇಳಿಸಿತು.

ಹನ್ನೊಂದು ಪಾಯಿಂಟ್ ನಾಲ್ಕರ ಕೆಳಗೆ ಸಹಿ ಬಿತ್ತು. ಉಳಿದ ಮೂವತ್ತು ಜರ್ನಲ್ಲುಗಳ ಆ ಪುಟಕ್ಕೆ ಅಡ್ಡಗೆರೆ ಬಿತ್ತು. ಹೊಸ ದ್ರಾವಣ ಮಾಡುತ್ತೇನೆ, ನಾಳೆ ಎಲ್ಲರೂ ಬಂದು ಮೊದಲಿನಿಂದ ಮಾಡಬೇಕು ಎಂದು ಮೇಡಂ ಹೇಳಿದಾಗ ಗದ್ದಲವೆದ್ದಿತು.

"ಆಂಟಿ, ಕಲ್ ಸಂಡೇ ಹೈ!" ಸಾತ್ವಿಕ ತಲೆ ಮೇಲೆ ಕೈ ಹೊತ್ತ.

ಮೆಟ್ಟಿಲಿಳಿಯುವಾಗ ಯಾರೂ ಅವಳೊಡನೆ ಮಾತಾಡಲಿಲ್ಲ. ಅವಳೂ ತಲೆ ತಗ್ಗಿಸಲಿಲ್ಲ. ಕೆಲಸಕ್ಕೆ ಅರ್ಧ ಗಂಟೆ ತಡವಾಗಿ ಹೋಗಿ ಬೈಸಿಕೊಂಡಳು.

ಭಾನುವಾರ ಎಲ್ಲರಿಗಿಂತ ಮೊದಲು ಬಂದವಳು ಅವಳೇ. ಪ್ರಯೋಗಾಲಯದಲ್ಲಿ ಪ್ರಭಾ ಮೇಡಂ ಒಬ್ಬರೇ ತಕ್ಕಡಿಯ ಮುಂದೆ ನಿಂತಿದ್ದರು. ಜುಲೈ ತಿಂಗಳ ತೇವಕ್ಕೆ, ಹೊಸ ಕ್ಷಾರಕ್ಕೆಂದು ತೆಗೆದ ಕಾಸ್ಟಿಕ್ ಸೋಡಾದ ಬಿಳಿ ಹರಳುಗಳು ಗಾಜಿನ ಬಟ್ಟಲಲ್ಲಿ ಆಗಲೇ ಬೆವರತೊಡಗಿದ್ದವು.

"ಬನ್ನಿ ಬನ್ನಿ, ಬೇಗ ಓದಿ ಹೇಳಿ. ಇದು ನೀರು ಎಳೆದುಕೊಳ್ತದೆ. ನಾಲ್ಕು ಗ್ರಾಂ ಆಯ್ತಾ?"

ಶರಣಬಸಮ್ಮ ಬ್ಯಾಗನ್ನು ಕೆಳಗಿಡದೆ ಹಾಗೇ ಬಗ್ಗಿದಳು.

"ಇಲ್ರಿ. ನಾಲ್ಕು ಪಾಯಿಂಟ್ ಸೊನ್ನೆ ಏಳು."

ಪ್ರಭಾ ಮೇಡಂ ಚಮಚೆಯ ತುದಿಯಿಂದ ಒಂದು ಹರಳು ತೆಗೆದರು. ತಕ್ಕಡಿಯ ಕೆಂಪು ಅಂಕಿಗಳು ಅಲ್ಲಾಡಿದವು. ಇಬ್ಬರೂ ಉಸಿರು ಬಿಗಿಹಿಡಿದು ಅವು ನಿಲ್ಲುವುದನ್ನೇ ನೋಡುತ್ತ ನಿಂತರು.