ಗೋಡೆಯ ಕೈ

ನನ್ನ ಅಣ್ಣ ಬಸ್ ಕಂಡಕ್ಟರ್. ಅವನ ಬಸ್ಸು ಹತ್ತಿದವರು ಬರೀ ಟಿಕೆಟ್ ತೆಗೆದುಕೊಂಡು ಇಳಿಯುವ ಹಾಗಿಲ್ಲ, ಫುಟ್‌ಬಾಲಿನ ಬಗ್ಗೆ ಅವನ ಅಭಿಪ್ರಾಯವನ್ನೂ ತೆಗೆದುಕೊಂಡೇ ಇಳಿಯಬೇಕು. ನಮ್ಮ ಊರಿನಲ್ಲಿ ಎರಡು ತಂಡ, ಕೆಂಪಿನವರು ಮತ್ತು ನೀಲಿಯವರು. ಅಣ್ಣ ಹುಟ್ಟಾ ಕೆಂಪು. ಆದರೆ ಕೆಂಪಿನವರನ್ನು ಅವನಷ್ಟು ಬೈಯುವ ಮನುಷ್ಯ ನೀಲಿಯವರಲ್ಲೂ ಇಲ್ಲ. ಮುಂದೆ ಆಡುವವನು ಗೋಲು ಬಾಗಿಲು ತೆರೆದುಕೊಂಡಿದ್ದರೂ ಆಕಾಶಕ್ಕೇ ಒದೆಯುತ್ತಾನಂತೆ. ನಡುವೆ ಆಡುವವನಿಗೆ ಓಡುವುದಕ್ಕಿಂತ ತಲೆ ಬಾಚುವುದೇ ದೊಡ್ಡ ಕೆಲಸವಂತೆ. ಕೋಚಿನ ವಿಷಯ ಎತ್ತಿದರಂತೂ ಮುಂದಿನ ಎರಡು ನಿಲ್ದಾಣಗಳಲ್ಲಿ ಯಾರಿಗೂ ಟಿಕೆಟ್ ಸಿಗುವುದಿಲ್ಲ.

ಅಣ್ಣನ ಬಾಯಿಂದ ತಪ್ಪಿಸಿಕೊಂಡವನು ಒಬ್ಬನೇ, ಕೆಂಪಿನವರ ಗೋಲ್‌ಕೀಪರ್. ಬಾಗಿಲಿನಷ್ಟು ಎತ್ತರ, ಬೀರುವಿನಷ್ಟು ಅಗಲ. ಊರೆಲ್ಲ ಅವನನ್ನು ಗೋಡೆ ಎಂದೇ ಕರೆಯುತ್ತದೆ. "ಗೋಡೆ ಇರೋ ತನಕ ಮನೆಗೆ ಸೂರು ಇಲ್ಲದಿದ್ರೂ ನಡೆಯುತ್ತೆ" ಎಂದು ಅಣ್ಣ ಹೇಳುತ್ತಿದ್ದ.

ನಾನು ದರ್ಜಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿ: ಎರಡು ಮಷೀನು, ಒಂದು ಇಸ್ತ್ರಿ ಮೇಜು, ಗಿರಾಕಿಗಳು ಕೂರಲು ಕಾಲು ಅಲ್ಲಾಡುವ ಒಂದು ಸ್ಟೂಲು. ಕೆಂಪಿನವರ ಬಟ್ಟೆಬರೆ ಹೊಲಿದು, ಬಿಚ್ಚಿ, ಸರಿಮಾಡಿ ಕೊಡುವವಳು ನಾನೇ. ಆ ವಾರ ಹೊಸ ಅಂಗಿಗಳು ಬಂದಿದ್ದವು. ಭಾನುವಾರ ನೀಲಿಯವರ ಮೇಲಿನ ಆಟದಲ್ಲೇ ಅವುಗಳ ಪ್ರವೇಶ. ಅಲ್ಲಿಯವರೆಗೆ ಅಂಗಿ ಹೇಗಿದೆ ಎಂದು ಒಂದು ನರಪಿಳ್ಳೆಗೂ ಗೊತ್ತಾಗಬಾರದು ಎಂದು ತಂಡದ ಉಗ್ರಾಣ ನೋಡಿಕೊಳ್ಳುವ ಹಿರಿಯರು ಕಟ್ಟಪ್ಪಣೆ ಮಾಡಿದ್ದರು.

ಗುರುವಾರ ಬೆಳಿಗ್ಗೆ ಅವರದ್ದೇ ಫೋನು. ಗೋಡೆಯ ಅಂಗಿಯ ತೋಳು ಮೊಣಕೈಯಿಂದ ಸ್ವಲ್ಪವೇ ಕೆಳಗೆ ಬಂದು ನಿಂತಿದೆಯಂತೆ, ಉದ್ದ ಮಾಡಬೇಕಂತೆ. ನಮ್ಮ ಕಸುಬಿನಲ್ಲಿ ತೋಳಿಗೆ ಕೈ ಎನ್ನುತ್ತೇವೆ. ಒಳಗೆ ಮಡಿಚಿದ ಬಟ್ಟೆಯನ್ನು ಬಿಚ್ಚಿ ಉದ್ದ ಮಾಡುವುದಕ್ಕೆ ಬಿಡುವುದು ಎನ್ನುತ್ತೇವೆ. ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೇಳಿದೆ: "ಗೋಡೇದು ಕೈ ಬಿಡ್ಬೇಕಾ? ಸರಿ, ಬಿಡೋಣ. ಇಲ್ಲ ಇಲ್ಲ, ಯಾರ ಹತ್ರಾನೂ ಬಾಯಿ ಬಿಡಲ್ಲ."

ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಅಣ್ಣ. ಕೈಯಲ್ಲಿ ನನ್ನ ಊಟದ ಡಬ್ಬಿ, ಮುಖದಲ್ಲಿ ರಕ್ತವಿಲ್ಲ.

"ಏನೋ ಅಣ್ಣ, ಮೈ ಸರಿ ಇಲ್ವಾ?"

"ಏನಿಲ್ಲ," ಎಂದ. ಡಬ್ಬಿಯನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಹತ್ತಿರ ಬಂದು, "ನಿನ್ನ ಹೆಸರು ಮಾತ್ರ ನನ್ನ ಬಾಯಿಂದ ಬರಲ್ಲ ಕಣೇ. ಆಣೆ" ಎಂದು ಪಿಸುಗುಟ್ಟಿ ಹೊರಟೇಬಿಟ್ಟ. ಬಸ್ಸಿನಲ್ಲಿ ಯಾರ ಜೊತೆಯೋ ಜಗಳ ಆಗಿರಬೇಕು ಎಂದುಕೊಂಡು ನಾನು ಮಷೀನು ತುಳಿದೆ.

ಮಧ್ಯಾಹ್ನದ ಹೊತ್ತಿಗೆ ಬೀದಿಯೆಲ್ಲ ಗುಲ್ಲು. ಗೋಡೆಯನ್ನು ಕೆಂಪಿನವರು ಕೈಬಿಟ್ಟರಂತೆ! ಎದುರಿನ ಹಣ್ಣಿನವಳು ಬಂದು ಹೇಳಿದಳು. ಚಪ್ಪಲಿ ರಿಪೇರಿಯವನು ಬಂದು ಹೇಳಿದ. ಗೋಡೆಯ ಕರಾರು ಹೇಗೂ ಮುಗಿಯುತ್ತ ಬಂದಿತ್ತು, ಕೆಂಪಿನವರು ಇವತ್ತು ನಾಳೆ ಎಂದು ಎಳೆದಾಡುತ್ತಿದ್ದರು. ಶುಕ್ರವಾರ ಸಂಜೆಯಾದರೆ ಆಟಗಾರರು ತಂಡ ಬದಲಿಸುವ ಗಡುವೂ ಮುಗಿಯುತ್ತದೆ. ನೀಲಿಯವರು ಕಾಗದ ಹಿಡಿದು ತುದಿಗಾಲಲ್ಲಿ ನಿಂತಿರುವುದು ಎಲ್ಲರಿಗೂ ಗೊತ್ತಿತ್ತು. ನಾನು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟುಬಿಟ್ಟೆ. ನಾನೂ ಕೆಂಪಿನವಳೇ ತಾನೇ!

ಸಂಜೆ ಅಣ್ಣ ಪಾಳಿ ಮುಗಿಸಿ ಅಂಗಡಿಗೆ ನುಗ್ಗಿದ. "ನಿಜ ಕಣೇ, ನೂರಕ್ಕೆ ನೂರು ನಿಜ! ಬೆಳಿಗ್ಗೆ ಹೋಗುವಾಗ ನಾನು ಇಷ್ಟೇ ಇಷ್ಟು ಹೇಳಿದ್ದೆ. ವಾಪಸ್ ಬರೋವಾಗ ಹತ್ತಿದವರು ನನಗೇ ಹೇಳ್ತಾರೆ, ನೀಲಿಯವರು ಅವನಿಗೆ ಮನೆಯನ್ನೂ ನೋಡಿದಾರಂತೆ, ಬಾಗಿಲು ಎತ್ತರ ಮಾಡಿಸ್ತಾ ಇದಾರಂತೆ! ನಾನು ಹೇಳದೇ ಇರೋದೆಲ್ಲ ಅವರಿಗೆ ಗೊತ್ತಿದೆ ಅಂದ್ರೆ ಸುಳ್ಳು ಹೇಗಾಗುತ್ತೆ?"

"ನಿನಗೆ ಮೊದಲು ಯಾರೋ ಹೇಳಿದ್ದು?"

ಅಣ್ಣ ನನ್ನನ್ನು ನೋಡಿ ಅರ್ಥಗರ್ಭಿತವಾಗಿ ಕಣ್ಣು ಮಿಟುಕಿಸಿದ. "ಒಳಗಿನವರು," ಎಂದ.

ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತುಬಿಟ್ಟ. ಬಸ್ಸಿನಲ್ಲಿ ಗಂಟಲು ಹರಿಯುವ ಹಾಗೆ ಕೂಗುವ ಮನುಷ್ಯ ಚಿಕ್ಕ ಮಗುವಿನ ಹಾಗೆ ಅತ್ತ. "ಗೋಡೆ ಇಲ್ಲದ ಟೀಮು ನನಗೂ ಬೇಡ. ಭಾನುವಾರ ನಾನು ಹೋಗಲ್ಲ" ಎಂದ. ಅವನನ್ನು ಕಂಡು ನನಗೂ ಅಳು ಬಂತು. ಮಷೀನಿನ ಮೇಲೆ ಗೋಡೆಯ ಅಂಗಿ ಬಿದ್ದಿತ್ತು. ತೆಗೆದುಹಾಕಿದವನ ಅಂಗಿಗೆ ಇನ್ನೇನು ಕೆಲಸ ಎಂದುಕೊಂಡೆ. ಆದರೂ ಒಪ್ಪಿಕೊಂಡ ಕೆಲಸ, ಮೂಗು ಒರೆಸಿಕೊಳ್ಳುತ್ತಲೇ ಎರಡೂ ಕೈ ಬಿಟ್ಟು, ಅಂಚು ಹೊಲಿದು, ಇಸ್ತ್ರಿ ಹಾಕಿಟ್ಟೆ.

ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ಇದ್ದಕ್ಕಿದ್ದಂತೆ ಬೆಳಕು ಕಡಿಮೆಯಾಯಿತು. ತಲೆಯೆತ್ತಿ ನೋಡಿದರೆ ಬಾಗಿಲು ತುಂಬ ಗೋಡೆ. ಅವನ ಹಿಂದೆ ರಸ್ತೆಯಲ್ಲಿ ಒಂದು ನೀಲಿ ಕಾರು, ಎಂಜಿನ್ ಆಫ್ ಮಾಡದೇ ಕಾಯುತ್ತಿತ್ತು. ಒಳಗೆ ಊಟಕ್ಕೆ ಕೂತಿದ್ದ ಅಣ್ಣ ತುತ್ತು ಬಾಯಿಗಿಡುವುದನ್ನೇ ಮರೆತ.

ಗೋಡೆ ತಲೆ ಬಗ್ಗಿಸಿ ಒಳಗೆ ಬಂದ. "ಅಕ್ಕ, ನನ್ನ ಹಳೇ ಅಂಗಿ ಯಾವುದಾದ್ರೂ ಇದ್ರೆ ಕೊಡ್ತೀರಾ? ನೆನಪಿಗೆ ಒಂದಿರಲಿ ಅಂತ. ಈಗ ಹೋಗಿ ನೀಲಿಯವರಿಗೆ ರುಜು ಹಾಕ್ತೀನಿ."

ಅಣ್ಣನಿಗೆ ತಡೆಯಲಾಗಲಿಲ್ಲ. "ಹೋಗ್ಲೇಬೇಕಾ ನೀವು?"

"ಇನ್ನೇನು ಮಾಡ್ಲಿ ಅಣ್ಣ? ನಿನ್ನೆಯಿಂದ ದಾರೀಲಿ ಸಿಕ್ಕವರೆಲ್ಲ ಸಮಾಧಾನ ಹೇಳ್ತಾರೆ. ಫೋನಲ್ಲೂ ಅದೇ, ಅದಕ್ಕೆ ಎತ್ತೋದೇ ನಿಲ್ಲಿಸಿದೆ. ಮನೇಲಿ ಹೆಂಡತಿ ಪಾತ್ರೆ ಕಟ್ತಾ ಇದಾಳೆ. ಊರಿಗೆಲ್ಲ ಗೊತ್ತಿದೆ, ನನಗೆ ಮಾತ್ರ ಒಬ್ಬರೂ ಬಾಯಿ ಬಿಟ್ಟು ಹೇಳಿಲ್ಲ. ನಾನಾಗಿ ಹೋಗಿ ಕೇಳೋಕೆ ನನಗೂ ಮಾನ ಇಲ್ವಾ?" ಅವನು ಇಸ್ತ್ರಿ ಮೇಜಿಗೆ ಒರಗಿದ. "ಇಷ್ಟು ವರ್ಷ ಆಡಿದೀನಿ ಅಕ್ಕ. ಕಡೆಗೂ ನನ್ನ ಕೈ ಬಿಟ್ಟುಬಿಟ್ರು."

ಆ ಮಾತು ಕಿವಿಗೆ ಬಿದ್ದಾಗ ನನಗೆ ಹೊಳೆದದ್ದು ಮೇಜಿನ ಮೇಲಿದ್ದ ಅಂಗಿ ಒಂದೇ.

"ಹೂಂ, ಬಿಟ್ಟಿದೀನಿ," ಎಂದೆ. "ನಿನ್ನೇನೇ ಬಿಟ್ಟೆ. ಎರಡೂ ಬಿಟ್ಟಿದೀನಿ. ಹಾಕ್ಕೊಂಡು ನೋಡಿ."

ನಾನು ಹಿಡಿದ ಅಂಗಿಯನ್ನು ಗೋಡೆ ನೋಡಿದ. ಅಣ್ಣ ನನ್ನನ್ನು ನೋಡಿದ. ನಾನು ಅಣ್ಣನನ್ನು ನೋಡಿದೆ. ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದ ಅವನ ಬಿಳಿಚಿದ ಮುಖ, ಹಾಕಿದ ಆಣೆ, ಮಿಟುಕಿಸಿದ ಕಣ್ಣು, ಎಲ್ಲ ಒಂದೇ ಏಟಿಗೆ ನೆನಪಾದವು.

"ಅಣ್ಣಾ! ನಿನ್ನ ಒಳಗಿನವರು ಯಾರು?"

"ನೀನೇ ಅಲ್ವೇನೇ! ಫೋನಲ್ಲಿ ಹೇಳ್ಲಿಲ್ವಾ, ಗೋಡೇದು ಕೈ ಬಿಡ್ಬೇಕಾ, ಯಾರಿಗೂ ಬಾಯಿ ಬಿಡಲ್ಲ ಅಂತ!"

"ಅಂಗಿ ಕೈ ಕಣೋ, ಅಂಗಿ ಕೈ! ಹಾಳಾದವನೇ, ಬಾಯಿ ಬಿಡಲ್ಲ ಅಂದಿದ್ದು ಈ ಅಂಗಿ ವಿಷಯ!"

ಇಸ್ತ್ರಿ ಪೆಟ್ಟಿಗೆ ಬಿಸಿಯಿರಲಿಲ್ಲ, ಅಣ್ಣನ ಪುಣ್ಯ. ನಾನು ಉಗ್ರಾಣದ ಹಿರಿಯರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಒತ್ತಿದೆ.

"ಗೋಡೇನ ತೆಗೆಯೋದಾ? ನಮಗೇನು ತಲೆ ಕೆಟ್ಟಿದೆಯೇನಮ್ಮ!" ಅವರು ಗುಡುಗಿದರು. "ಅವನ ಕರಾರು ಹಿಡ್ಕೊಂಡು ಮ್ಯಾನೇಜರ್ ಬೆಳಿಗ್ಗೆಯಿಂದ ಕೂತಿದಾರೆ. ಆಸಾಮಿ ಫೋನೇ ಎತ್ತಲ್ಲ, ನೀಲಿಯವರ ಕಡೆ ಹೋಗಿಬಿಟ್ನೇನೋ ಅಂತ ಇಲ್ಲಿ ನಾವು ತಲೆ ಮೇಲೆ ಕೈ ಹೊತ್ತು ಕೂತಿದೀವಿ. ತೆಗೆಯೋ ಹಾಗಿದ್ರೆ ಅವನ ಅಂಗಿ ಕೈ ಉದ್ದ ಯಾಕಮ್ಮ ಮಾಡಿಸ್ತಿದ್ದೆ?"

ಗೋಡೆ ನನ್ನ ಕೈಯಿಂದ ಅಂಗಿ ತೆಗೆದುಕೊಂಡು, ಇದ್ದ ಬಟ್ಟೆಯ ಮೇಲೆಯೇ ತೊಟ್ಟುಕೊಂಡ. ಕೈ ಚಾಚಿದ. ಅಂಚು ಮಣಿಕಟ್ಟಿಗೆ ಸರಿಯಾಗಿ ಬಂದು ಕೂತಿತು. ಸ್ಟೂಲಿನ ಮೇಲೆ ಕೂತು ಮೊದಲು ಕಣ್ಣೊರೆಸಿಕೊಂಡ, ಆಮೇಲೆ ಅಂಗಡಿಯ ಶೀಟು ಹಾರಿಹೋಗುವ ಹಾಗೆ ನಕ್ಕ. "ಅಣ್ಣ, ಆ ಕಾರಿನವರಿಗೆ ನೀವೇ ಹೋಗಿ ಹೇಳಿ," ಎಂದ.

ಅಣ್ಣ ಓಡಿದ ಓಟವನ್ನು ಕೆಂಪಿನವರಲ್ಲಿ ಮುಂದೆ ಆಡುವವನು ನೋಡಿ ಕಲಿಯಬೇಕಿತ್ತು. ಕಾರಿನ ಬಾನೆಟ್ಟು ತಟ್ಟಿ, ಎಂಜಲು ಕೈಯಲ್ಲೇ ಬಸ್ಸಿಗೆ ಹೇಳುವ ಹಾಗೆ "ರೈಟ್, ರೈಟ್, ಹೋಗ್ಲಿ!" ಎಂದು ಕೂಗಿದ. ಕಾರು ಹೋಯಿತು.

ಆ ಸಂಜೆ ಬಸ್ಸಿನಲ್ಲಿ ಅವನು ಎಲ್ಲರಿಗೂ ಹೇಳಿದನಂತೆ: ಗೋಡೆ ಎಲ್ಲೂ ಹೋಗಲ್ಲ, ಈಗಷ್ಟೇ ನನ್ನ ಕಣ್ಣೆದುರೇ ನಡೆದದ್ದು. ಒಬ್ಬರೂ ನಂಬಲಿಲ್ಲ. "ಸುಮ್ನೆ ಟಿಕೆಟ್ ಕೊಡ್ರೀ, ನಮಗೆ ಒಳಗಿನವರಿಂದ ಗೊತ್ತಾಗಿದೆ" ಎಂದರಂತೆ.

ಭಾನುವಾರ ಗೋಡೆ ಹೊಸ ಅಂಗಿ ತೊಟ್ಟು ಮೈದಾನಕ್ಕೆ ಇಳಿದಾಗ ಜನ ದೆವ್ವ ಕಂಡವರ ಹಾಗೆ ನೋಡಿದರು. ನಾವು ಒಂದು ಗೋಲು ಮುಂದಿದ್ದೆವು. ಇನ್ನೇನು ಆಟ ಮುಗಿಯಿತು ಎನ್ನುವಾಗ ನೀಲಿಯವರಿಗೆ ಪೆನಾಲ್ಟಿ ಸಿಕ್ಕಿತು. ನಾನು ಕಣ್ಣು ಮುಚ್ಚಿಕೊಂಡೆ. ಮೈದಾನ ಸ್ಫೋಟಿಸಿದ ಸದ್ದಿಗೆ ಕಣ್ಣು ಬಿಟ್ಟರೆ, ಗೋಡೆ ಬಲಕ್ಕೆ ಹಾರಿ ನೆಲಕ್ಕೆ ಬಿದ್ದಿದ್ದಾನೆ, ಚೆಂಡು ಕಂಬದಾಚೆ ಹೋಗಿದೆ!

ಅಣ್ಣ ಬೆಂಚಿನ ಮೇಲೆ ಹತ್ತಿ ನನ್ನನ್ನು ತೋರಿಸುತ್ತ ಅರಚಿದ: "ಆ ಕೈ ನೋಡ್ರೋ, ಆ ಕೈ! ನನ್ನ ತಂಗಿ ಬಿಟ್ಟ ಕೈ ಕಣ್ರೋ ಅದು!"

ನಾನೂ ಕುಣಿಯುತ್ತಿದ್ದೆ. ಮುಂದಿನ ಸಾಲಿನವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಪಕ್ಕದವನ ಕಿವಿಗೆ ಬಗ್ಗಿದ್ದು ಕಾಣಿಸಿತು. ಆಟ ಗೆದ್ದು ಗೇಟಿಗೆ ಬರುವಷ್ಟರಲ್ಲಿ ಮನೆಯಿಂದ ನನ್ನ ಗಂಡ ಫೋನು ಮಾಡಿದ.

"ಏನೇ ಇದು," ಎಂದ, "ನಮ್ಮ ಮದುವೆಗೆ ಮುಂಚೆ ಗೋಡೇನ ಕೈಬಿಟ್ಟವಳು ನೀನೇ ಅಂತೆ?"